ಅಪ್ಪಯ್ಯನಿಗೆ, ಸ್ಟೋನಿಂಗ್ಟನ್‌ನಿಂದ

ಅಪ್ಪಯ್ಯನಿಗೆ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ. ಸುರೇಶ ತೋಟ ಅಡ ಇಟ್ಟು ಶುಂಠಿಗೆ ಗದ್ದೆ ಗುತ್ತಿಗೆ ಹಿಡೀತಾನೆ ಅಂತ ಬರೆದಿದ್ದಿರಿ. ಅದೊಂದೇ ತಲೆಯಲ್ಲಿ ಕೂತಿದೆ. ಹೋದ ವರ್ಷದ ರೇಟು ಅವನ ಕಣ್ಣು ಕುಕ್ಕಿದೆ, ಅಷ್ಟೆ.

ಅಮೆರಿಕದ ಈ ಊರಿನ ನಾವಿಕ ನಥಾನಿಯಲ್ ಪಾಮರ್‌ನ ವಿಷಯ ಅವನಿಗೆ ಓದಿ ಹೇಳಿ. ಹೆಸರಿಗೆ ಪಾಮರ್, ಆಸಾಮಿ ಪಾಮರನಲ್ಲ. 1819ರಲ್ಲಿ ಭೂಮಿಯ ದಕ್ಷಿಣ ತುದಿಯ ಕಡೆ, ಅಂಟಾರ್ಕ್ಟಿಕದ ಹತ್ತಿರ ಸೌತ್ ಶೆಟ್ಲೆಂಡ್ ದ್ವೀಪಗಳು ಕಣ್ಣಿಗೆ ಬಿದ್ದವು. ಪಾಮರ್ ಕೆಲಸಕ್ಕಿದ್ದ ಹರ್ಸಿಲಿಯಾ ಹಡಗು 1820ರಲ್ಲಿ ಅಲ್ಲಿಂದ ಸೀಲ್ ಅನ್ನುವ ಕಡಲ ಪ್ರಾಣಿಯ 8,868 ಚರ್ಮ ತಂದು ಸುಮಾರು 22,000 ಡಾಲರ್‌ಗೆ ಮಾರಿತು. ಸುದ್ದಿ ಹಬ್ಬಿದ್ದೇ ತಡ, ಮುಂದಿನ ಹಂಗಾಮಿಗೆ ಹತ್ತಾರು ಹಡಗು ಅಲ್ಲಿಗೇ ನುಗ್ಗಿದವು.

21 ವರ್ಷದ ಪಾಮರ್ ಕೈಗೆ ಆಗ 47 ಅಡಿಯ ‘ಹೀರೋ’ ಅನ್ನುವ ಪುಟ್ಟ ಹಡಗು ಕೊಟ್ಟರು. ದೊಡ್ಡ ಹಡಗು ಹೋಗಲಾರದ ಸಂದಿಯಿಂದ ಚರ್ಮ ಹೊತ್ತು ತರುವುದು, ಹೊಸ ದಡ ಹುಡುಕುವುದು ಅದರ ಕೆಲಸ. ಹಾಗೆ ಹುಡುಕುವಾಗಲೇ 1820ರ ನವೆಂಬರ್‌ನಲ್ಲಿ ಅಂಟಾರ್ಕ್ಟಿಕದ ನೆಲ ಕಂಡ. ಮೊದಲು ಕಂಡವನು ನಮ್ಮವನೇ ಅಂತ ಊರವರಿಗೆ ಹೆಮ್ಮೆ. ಅದೇ ವರ್ಷ ಜನವರಿಯಲ್ಲೇ ರಷ್ಯದ ಬೆಲ್ಲಿಂಗ್ಸ್‌ಹೌಸೆನ್, ಇಂಗ್ಲೆಂಡಿನ ಬ್ರಾನ್ಸ್‌ಫೀಲ್ಡ್ ಕಂಡಿದ್ದರು ಅಂದರೆ ಮುಖ ಸಿಂಡರಿಸುತ್ತಾರೆ.

ಕೆಲಸ ಸುಲಭದ್ದಲ್ಲ. ಸೀಲಿನ ಮೂಗಿಗೆ ದೊಣ್ಣೆ ಏಟು, ಆಮೇಲೆ ಈಟಿ. ಸುಲಿದ ಚರ್ಮದ ಒಳಮೈಯ ಕೊಬ್ಬು ಹೆರೆದು, ತೊಳೆದು, ಗೂಟ ಬಡಿದು ಬಿಗಿಯಾಗಿ ಹರಡಿ ಒಣಗಿಸಬೇಕು, ಇಲ್ಲವೆ ಉಪ್ಪು ಹಾಕಿ ಒಟ್ಟಬೇಕು. ಕೊಬ್ಬು ಉಳಿದರೆ ಅಥವಾ ಉಪ್ಪು ಸಾಲದಿದ್ದರೆ ಹಡಗಿನೊಳಗೆ ಕಾವು ಹಿಡಿದು ಚರ್ಮ ಕೊಳೆಯುತ್ತದೆ, ಹಸಿ ಶುಂಠಿ ಮೂಟೆ ಬಿಸಿಯಾದ ಹಾಗೆ.

ಆದರೆ ಈ ದಂಧೆಯನ್ನು ಮುಳುಗಿಸಿದ್ದು ಅದಲ್ಲ. ಮರಿ ಹಾಕಲು ದಡಕ್ಕೆ ಬಂದ ಹೆಣ್ಣುಗಳನ್ನೇ ಕೊಂದರು; ಮರಿಗಳು ಹಾಲಿಲ್ಲದೆ ಸತ್ತವು. ಎರಡು ಹಂಗಾಮಿನಲ್ಲಿ 3,20,000 ಸೀಲ್ ಹೋದವು ಅಂತ ಆಗಲೇ ಅಲ್ಲಿದ್ದ ಬೇಟೆಗಾರ ಜೇಮ್ಸ್ ವೆಡೆಲ್ ಲೆಕ್ಕ ಹಾಕಿದ್ದಾನೆ. 1821ರ ಡಿಸೆಂಬರ್‌ನಲ್ಲಿ ಪಾಮರ್, ಇನ್ನೊಬ್ಬ ಬೇಟೆಗಾರ ಜಾರ್ಜ್ ಪೊವೆಲ್ ಸೇರಿ ಸೌತ್ ಓರ್ಕ್ನಿ ದ್ವೀಪಗಳನ್ನು ಕಂಡುಹಿಡಿದರು. ನಕ್ಷೆಗೆ ದ್ವೀಪ ಸಿಕ್ಕಿತು, ಬೇಕಾದ ಚರ್ಮ ಸಿಗಲಿಲ್ಲ. ಪಾಮರ್ ಮುಂದೆ ಕಸುಬು ಬದಲಿಸಿದ, ವರ್ಷಗಳ ಮೇಲೆ ಚೀನಾ ವ್ಯಾಪಾರದ ಹಡಗಿಗೆ ಹೋದ. ತಡವಾಗಿ ಸಾಲ ಮಾಡಿ ಹೊರಟವರು ಏನು ಮಾಡಿರಬೇಕು, ಸುರೇಶನೇ ಹೇಳಲಿ.

ಅಡದ ಪತ್ರಕ್ಕೆ ಸಹಿ ಹಾಕಬೇಡಿ. ಗದ್ದೆಯವರಿಗೆ ಮುಂಗಡ ಕೊಟ್ಟಿದ್ದರೆ ಎಷ್ಟು ಅಂತ ತಿಳಿಸಿ, ನಾನು ಕಳಿಸುತ್ತೇನೆ. ಅಮ್ಮನಿಗೆ ಹೇಳಿ, ಚಳಿ ಏನೇನೂ ಇಲ್ಲ, ಎರಡು ಕೋಟು ಇದೆ, ಊಟ ಹೊತ್ತಿಗೆ ಸರಿಯಾಗಿದೆ, ಚಿಂತೆ ಬೇಡವೇ ಬೇಡ. ಅಂಚೆಯ ಹೊತ್ತಾಯಿತು, ಭಾನುವಾರ ಫೋನ್ ಮಾಡುತ್ತೇನೆ.

ನಿಮ್ಮ ಮಗ