ಹಿಡಿಯೊಳಗಿನ ತುಕ್ಕನ್ನು ಮುಟ್ಟಬೇಡಿ

ಟೋಕಿಯೊ

ತೀರ್ಥರೂಪ ಕಾಕಾ ಅವರಿಗೆ ಸಾಷ್ಟಾಂಗ ನಮಸ್ಕಾರಗಳು. ಕಾಕೂಗೂ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ.

ಅಟ್ಟದ ಮೇಲಿಂದ ಇಳಿಸಿದ ಸುಬೇದಾರ ಅಜ್ಜನ ಜಪಾನಿ ಕತ್ತಿಯ ಫೋಟೊ ನೋಡಿದೆ. ಕತ್ತಿಯ ಮೇಲೆ ಕೆತ್ತಿದ ಕಮ್ಮಾರನ ಹೆಸರು ಯಾವುದೆಂದು ಕೇಳಿದ್ದೀರಿ. ಖಂಡೇನವಮಿಗೆ ಮೊದಲು ಕತ್ತಿಯನ್ನು ಎಮರಿ ಪೇಪರ್ ಹಾಕಿ ತಿಕ್ಕಿಸಿ ಫಳಫಳ ಮಾಡಿಸಬೇಕೆಂದು ಬರೆದಿದ್ದೀರಿ. ಕಾಕಾ, ಕೈಮುಗಿದು ಕೇಳುತ್ತೇನೆ, ಅದೊಂದು ಮಾಡಬೇಡಿ. ಜಪಾನಿನ ಕತ್ತಿಯಲ್ಲಿ ಹಿಡಿಕೆಯೊಳಗೆ ಅಡಗಿರುವ ಭಾಗಕ್ಕೆ ನಕಾಗೊ ಎನ್ನುತ್ತಾರೆ. ಅದರ ಮೇಲೆ ಕಟ್ಟಿದ ತುಕ್ಕಿನ ಬಣ್ಣ, ದಪ್ಪ, ನುಣುಪು ನೋಡಿಯೇ ಬಲ್ಲವರು ಕತ್ತಿಯ ವಯಸ್ಸು ಹೇಳುವುದು. ಹೊರಗಿನ ಅಲಗಿನ ತುಕ್ಕನ್ನು ಪಳಗಿದ ಸಾಣೆಗಾರ ಇಳಿಸಬಲ್ಲ. ನಕಾಗೊ ಮೇಲಿನ ತುಕ್ಕು ಒಮ್ಮೆ ಹೋದರೆ ಯಾರೂ ಮರಳಿ ತರಲಾರರು. ಹುಣಸೆಹಣ್ಣು, ಬೂದಿ, ಬ್ರಾಸೊ, ತುಕ್ಕು ಬಿಡಿಸುವ ಆಸಿಡ್ಡು, ಇವೂ ಬೇಡ.

ಪೂಜೆ ನಿಲ್ಲಿಸಬೇಕಿಲ್ಲ. ಕತ್ತಿಯನ್ನು ಒರೆಯಲ್ಲಿಯೇ ಇಟ್ಟು, ಕುಂಕುಮ, ಭಂಡಾರ, ಹೂವು ಎಲ್ಲವನ್ನೂ ಒರೆಗೆ ಏರಿಸಿ. ಅಲಗಿಗೆ ಒದ್ದೆ ಕುಂಕುಮ ಹಚ್ಚಿದರೆ ಆ ಬೊಟ್ಟಿನ ಆಕಾರದಲ್ಲೇ ತುಕ್ಕು ಕೂರುತ್ತದೆ. ಅದರಿಂದ ನಿಂಬೆಹಣ್ಣಂತೂ ಕೊಯ್ಯಲೇಬಾರದು, ಹುಳಿ ತಾಗಿದಲ್ಲಿ ಉಕ್ಕು ಕಪ್ಪಾಗಿ ಕಚ್ಚುತ್ತದೆ. ಬೆರಳು ತಾಗಿದರೂ ಸಾಕು, ಬೆವರಿನ ಉಪ್ಪಿನಿಂದ ಕೆಲವೇ ದಿನಗಳಲ್ಲಿ ಬೆರಳಚ್ಚು ತುಕ್ಕಾಗಿ ಏಳುತ್ತದೆ.

ಕಮ್ಮಾರನ ಹೆಸರು ಇರುವುದು ನಕಾಗೊ ಮೇಲೆ, ಹಾಗಾಗಿ ಈಗ ಹಿಡಿಕೆ ಬಿಚ್ಚುವ ಕ್ರಮ. ಮಕ್ಕಳನ್ನು ದೂರ ಕಳಿಸಿ, ಕೆಳಗೆ ದಪ್ಪ ಚಾದರ ಹಾಸಿಕೊಳ್ಳಿ. ಅಲಗಿನ ಬಾಯಿ, ಅಂದರೆ ಹರಿತವಾದ ಅಂಚು, ಮೇಲಕ್ಕೆ ಬರುವಂತೆ ಹಿಡಿದು, ಬೆನ್ನು ಒರೆಯ ಒಳಮೈಗೆ ಜಾರುವಂತೆ ನಿಧಾನವಾಗಿ ಎಳೆಯಿರಿ. ಬಾಯಿ ಕೆಳಗಾಗಿದ್ದರೆ ಅದು ಒರೆಯನ್ನು ಕೊಯ್ದುಕೊಂಡು ಕೈಗೆ ಬರಬಹುದು. ಹಿಡಿಕೆಯಲ್ಲಿ ಬಿದಿರಿನ ಸಣ್ಣ ಗೂಟ ಕಾಣುತ್ತದೆ, ಅದು ಮೆಕುಗಿ. ಅದರ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಸಣ್ಣ ತುದಿಯ ಕಡೆಯಿಂದ ಹಿತ್ತಾಳೆ ಸಲಾಕೆ ಅಥವಾ ಗಟ್ಟಿ ಬಿದಿರುಕಡ್ಡಿ ಇಟ್ಟು ಮೆಲ್ಲಗೆ ತಟ್ಟಿ ಹೊರಗೆ ದೂಡಿ. ಕಬ್ಬಿಣದ ಮೊಳೆ ಬಳಸಿದರೆ ರಂಧ್ರದ ಅಂಚು ಹರಿಯುತ್ತದೆ. ಫೌಜಿನ ಕತ್ತಿಗಳಲ್ಲಿ ಕೆಲವಕ್ಕೆ ಎರಡು ಗೂಟ ಇರುತ್ತವೆ, ಕೆಲವಕ್ಕೆ ಗೂಟದ ಬದಲು ಸ್ಕ್ರೂ.

ಗೂಟ ತೆಗೆದ ಮೇಲೆ ಹಿಡಿಕೆಯ ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಮೊನೆ ಮೇಲಕ್ಕೂ ಬಾಯಿ ನಿಮ್ಮಿಂದ ಆಚೆಗೂ ಇರುವಂತೆ ತುಸು ಓರೆಯಾಗಿ ನಿಲ್ಲಿಸಿ. ಬಲಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ಕುಟ್ಟಿದರೆ ಅಲಗು ತಾನೇ ಸಡಿಲಾಗಿ ಮೇಲೇಳುತ್ತದೆ. ಜೋರು ಮಾಡಿದರೆ ಅದು ಹಾರಿ ಬೀಳುತ್ತದೆ, ಮೆಲ್ಲಗೆ ನಾಲ್ಕಾರು ಸಲ ಕುಟ್ಟಿ. ಬರದಿದ್ದರೆ ಬಿಟ್ಟುಬಿಡಿ. ಎಂಬತ್ತು ವರ್ಷ ಕೂತದ್ದು ಒಂದೇ ದಿನಕ್ಕೆ ಬರಬೇಕೆಂದಿಲ್ಲ. ಕೈಕಾಪು ತಟ್ಟೆ, ಅಂದರೆ ತ್ಸುಬಾ, ಅದಕ್ಕೆ ಸುತ್ತಿಗೆ ಹಾಕಬೇಡಿ. ತ್ಸುಬಾದ ಎರಡೂ ಬದಿಗೆ ತೆಳು ತಗಡಿನ ಬಿಲ್ಲೆಗಳಿರುತ್ತವೆ. ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟು ಫೋಟೊ ತೆಗೆಯಿರಿ, ಇಲ್ಲವಾದರೆ ಮತ್ತೆ ಕೂಡಿಸುವಾಗ ಹಿಡಿಕೆ ಅಲ್ಲಾಡುತ್ತದೆ.

ಅಜ್ಜ ಬರ್ಮಾ ಕಡೆ ಹೋಗಿದ್ದವರು. ಮರಾಠಾ ರೆಜಿಮೆಂಟಿನ ನಾಲ್ಕನೆಯ ಬಟಾಲಿಯನ್ 1944ರ ಮಾರ್ಚಿಯಲ್ಲಿ ಮಣಿಪುರದ ಸಂಗ್‌ಶಾಕ್‌ನಲ್ಲಿ ಜಪಾನಿಯರ ಎದುರು ನಿಂತಿತ್ತು. 1945ರಲ್ಲಿ ಜಪಾನ್ ಶರಣಾದಾಗ ಅವರ ಅಧಿಕಾರಿಗಳು ಒಪ್ಪಿಸಿದ ಕತ್ತಿಗಳು ಅನೇಕ ಸೈನಿಕರ ಮನೆ ಸೇರಿದವು. ಆದ್ದರಿಂದ ನಮ್ಮ ಮನೆಯದು ಗುಂತೊ, ಅಂದರೆ ಫೌಜಿನ ಕತ್ತಿ, ಆಗಿರುವ ಸಂಭವವೇ ಹೆಚ್ಚು. ಹಿಡಿಕೆ ಪೂರ್ತಿ ಲೋಹದ ಎರಕವಾಗಿದ್ದು, ಅಲಗಿನ ಮೇಲೆ ನಂಬರು ಒತ್ತಿದ್ದರೆ ಅದು 1935ರ ಮಾದರಿ, ಹವಾಲ್ದಾರ್ ದರ್ಜೆಯವರಿಗೆ ಕಾರ್ಖಾನೆಯಲ್ಲಿ ಮಾಡಿದ್ದು. ಹಿಡಿಕೆಗೆ ಮೀನಿನ ಚರ್ಮ ಹೊದಿಸಿ ಮೇಲೆ ಪಟ್ಟಿ ಸುತ್ತಿದ್ದರೆ 1934 ಅಥವಾ 1938ರ ಅಧಿಕಾರಿ ಮಾದರಿ. ಇಲ್ಲಿಯೇ ಎಚ್ಚರ ಬೇಕು. ಅಧಿಕಾರಿಗಳು ತಮ್ಮ ಕತ್ತಿ ತಾವೇ ಕೊಳ್ಳಬೇಕಿತ್ತು. ಹಲವರು ಮನೆತನದ ಮುನ್ನೂರು, ನಾನ್ನೂರು ವರ್ಷದ ಹಳೆಯ ಅಲಗಿಗೇ ಫೌಜಿನ ಹಿಡಿಕೆ, ಒರೆ ಹಾಕಿಸಿಕೊಂಡು ಯುದ್ಧಕ್ಕೆ ಹೋದರು. ಹೊರಗಿನ ಉಡುಪು ನೋಡಿ ಒಳಗಿನದನ್ನು ತೀರ್ಮಾನಿಸುವ ಹಾಗಿಲ್ಲ.

ಹಿಡಿಕೆಗೆ ಕಟ್ಟಿದ ಗೊಂಡೆ ಇದ್ದರೆ ಬಿಚ್ಚಿ ಎಸೆಯಬೇಡಿ. ಕಂದು-ನೀಲಿ ಗೊಂಡೆ ಕ್ಯಾಪ್ಟನ್‌ವರೆಗಿನವರದು, ಕಂದು-ಕೆಂಪು ಮೇಜರ್‌ನಿಂದ ಕರ್ನಲ್‌ವರೆಗಿನವರದು. ಹಿಡಿಕೆಯ ತುದಿಯಲ್ಲಿ ಬೆಳ್ಳಿಯ ಸಣ್ಣ ಲಾಂಛನ ಇದ್ದರೆ ಅದು ಕತ್ತಿಯ ಒಡೆಯನ ಮನೆತನದ ಗುರುತು. ಜಪಾನಿ ಅಕ್ಷರವಿರುವ ಮರದ ಚೀಟಿಯೋ ಬಟ್ಟೆಯ ಚೀಟಿಯೋ ಕಟ್ಟಿದ್ದರೆ, ಶರಣಾದಾಗ ಬರೆದ ಒಡೆಯನ ಹೆಸರು ಅದರಲ್ಲಿರಬಹುದು. ನನ್ನ ದೃಷ್ಟಿಯಲ್ಲಿ ಆ ಚೀಟಿಯ ಬೆಲೆ ಕತ್ತಿಯಷ್ಟೇ.

ನಕಾಗೊ ಹೊರಬಂದ ಮೇಲೆ ಒಣ ಮೆತ್ತನೆ ಬಟ್ಟೆಯಿಂದ ಧೂಳು ಮಾತ್ರ ಒರೆಸಿ. ತುಕ್ಕಿನ ಬಣ್ಣ ನೋಡಿ. ಶತಮಾನ ಕಂಡದ್ದು ಗಾಢ ಕಂದು, ಹೆಚ್ಚುಕಡಿಮೆ ಕಪ್ಪು. ಮುಟ್ಟಿದರೆ ಕೈಗೆ ಹತ್ತುವುದಿಲ್ಲ, ಎಣ್ಣೆ ಸವರಿದಂಥ ಮಿರುಗು ಇರುತ್ತದೆ. ಯುದ್ಧಕಾಲದ ನಕಾಗೊ ಬೂದುಬಣ್ಣದ ಉಕ್ಕಾಗಿಯೇ ಇದ್ದು ಅಲ್ಲಲ್ಲಿ ತುಕ್ಕು ಹಿಡಿದಿರುತ್ತದೆ. ಆಸಿಡ್ಡಿನಿಂದ ಬರಿಸಿದ ಖೋಟಾ ತುಕ್ಕು ಕಿತ್ತಳೆ ಬಣ್ಣದ್ದು, ಪುಡಿ ಉದುರುತ್ತದೆ, ಎಲ್ಲ ಕಡೆ ಒಂದೇ ಸಮ. ಆಮೇಲೆ ಅರದ ಗೆರೆಗಳು, ಯಾಸುರಿಮೆ. ಅಡ್ಡಡ್ಡ, ಓರೆ, ಗರಿಯಂತೆ ಎರಡೂ ಕಡೆ ಇಳಿದದ್ದು, ಹೀಗೆ ಒಂದೊಂದು ಪರಂಪರೆಯ ಕಮ್ಮಾರರದು ಒಂದೊಂದು ಬಗೆ. ಗೂಟದ ರಂಧ್ರ ಹಳೆಯದಾದರೆ ತುಸು ಸೊಟ್ಟಗಿರುತ್ತದೆ, ಚಾಣದಿಂದ ತೂತು ಹೊಡೆಯುತ್ತಿದ್ದರು. ಡ್ರಿಲ್ ಮಾಡಿದ ದುಂಡು ರಂಧ್ರ ಈಚಿನದು. ಎರಡು ಮೂರು ರಂಧ್ರ ಇದ್ದರೆ ಉದ್ದ ಕತ್ತಿಯನ್ನು ಬುಡದ ಕಡೆ ಕತ್ತರಿಸಿ ಗಿಡ್ಡ ಮಾಡಿರಬಹುದು. ಇದಕ್ಕೆ ಸುರಿಯಾಗೆ ಎನ್ನುತ್ತಾರೆ. ತೀರ ಗಿಡ್ಡ ಮಾಡಿದ್ದರಲ್ಲಿ ಕಮ್ಮಾರನ ಹೆಸರೇ ಕತ್ತರಿಸಿ ಹೋಗಿರುತ್ತದೆ. ಹೆಸರಿಲ್ಲದ್ದು ಬೆಲೆಯಿಲ್ಲದ್ದು ಎಂದುಕೊಳ್ಳಬಾರದು. 14ನೆಯ ಶತಮಾನದ ದೊಡ್ಡ ಅಲಗುಗಳಲ್ಲಿ ಅನೇಕವು ಹೀಗೆ ಹೆಸರು ಕಳೆದುಕೊಂಡವೇ.

ಕಮ್ಮಾರನ ಹೆಸರಿನ ಮೇಲ್ಗಡೆ ಸಣ್ಣ ಮುದ್ರೆ ಒತ್ತಿದೆಯೇ ನೋಡಿ. ಸೆಕಿ ಊರಿನ ಮುದ್ರೆ ಅಥವಾ ಶೋವಾ ಎಂಬ ಮುದ್ರೆ ಇದ್ದರೆ ಅದು ಯುದ್ಧಕಾಲದ, ಸಾಂಪ್ರದಾಯಿಕವಲ್ಲದ ಕೆಲಸ. ನಕ್ಷತ್ರದ ಮುದ್ರೆ ಇದ್ದರೆ ಸಂತೋಷದ ಸಂಗತಿ; ಸೈನ್ಯ ಆಯ್ದುಕೊಂಡ ಕಮ್ಮಾರರು ತಮಾಹಗಾನೆ ಎಂಬ ಕುಲುಮೆ ಉಕ್ಕಿನಿಂದ ಹಳೆಯ ಪದ್ಧತಿಯಲ್ಲೇ ಬಡಿದದ್ದು.

ಇನ್ನು ಅಲಗು. ಅಳತೆ ಬೇಕು, ಅದೂ ಮಿಲಿಮೀಟರಿನಲ್ಲಿ. ಮೊನೆಯಿಂದ ಬೆನ್ನಿನ ಬುಡದಲ್ಲಿರುವ ಮೆಟ್ಟಿಲಿನಂಥ ಕಚ್ಚಿನವರೆಗೆ ನೂಲು ನೇರ ಎಳೆದು ಅಳೆಯಿರಿ, ಬಾಗನ್ನು ಅನುಸರಿಸಬೇಡಿ. ಆ ನೂಲಿನಿಂದ ಬೆನ್ನು ಎಲ್ಲಿ ಅತಿ ದೂರವೋ ಅಲ್ಲಿನ ಅಂತರ ಅದರ ಬಾಗು. ಎರಡು ಶಾಕು, ಅಂದರೆ 60.6 ಸೆಂ.ಮೀ. ಮೀರಿದ್ದು ಕತಾನ ಅಥವಾ ತಾಚಿ, 30.3ರಿಂದ 60.6ರ ನಡುವಿನದು ವಾಕಿಜಾಶಿ. ಅದಕ್ಕೂ ಗಿಡ್ಡದ್ದು ತಾಂತೊ. ಬುಡದ ಅಗಲ, ಮೊನೆಯ ಹತ್ತಿರದ ಅಗಲ, ಬೆನ್ನಿನ ದಪ್ಪ ಇವೂ ಬೇಕು. ಬುಡದಲ್ಲೇ ಹೆಚ್ಚು ಬಾಗಿ, ತುದಿಗೆ ಸಣ್ಣಗಾಗಿ, ಮೊನೆ ಚಿಕ್ಕದಿದ್ದರೆ ಅದು 12–13ನೆಯ ಶತಮಾನದ ಆಕಾರ. ಅಗಲವಾಗಿ ಮೊನೆ ಉದ್ದುದ್ದ ಇದ್ದರೆ 14ನೆಯದು. ಬಾಗು ಕಡಿಮೆಯಾಗಿ ತುದಿಗೆ ಸಪೂರವಾದದ್ದು 1661–1673ರ ಕಾನ್‌ಬುನ್ ಕಾಲದ್ದು. ಆಕಾರವನ್ನು ಮುಂದಿನವರು ನಕಲು ಮಾಡಿದ್ದಾರೆ, ಹಾಗಾಗಿ ಆಕಾರವೊಂದೇ ಸಾಕ್ಷಿಯಲ್ಲ.

ಬಾಯಿಯ ಉದ್ದಕ್ಕೂ ಬೆಳ್ಳನೆಯ ಅಲೆ ಕಾಣುತ್ತದಲ್ಲ, ಅದು ಹಾಮೊನ್. ಅಲಗಿಗೆ ಮಣ್ಣು ಮೆತ್ತಿ, ಬಾಯಿಯ ಕಡೆ ತೆಳ್ಳಗೆ, ಬೆನ್ನಿನ ಕಡೆ ದಪ್ಪಗೆ ಬಿಟ್ಟು, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ತೆಳ್ಳಗಿದ್ದ ಕಡೆ ಬೇಗ ತಣಿದು ಉಕ್ಕು ಗಟ್ಟಿಯಾಗುತ್ತದೆ, ದಪ್ಪಗಿದ್ದ ಕಡೆ ಮೆದುವಾಗಿಯೇ ಉಳಿಯುತ್ತದೆ. ಎರಡರ ಗಡಿಯೇ ಆ ಗೆರೆ. ಟ್ಯೂಬ್‌ಲೈಟಿನಲ್ಲಿ ಇದು ಕಾಣದು. ಕೋಣೆ ಕತ್ತಲು ಮಾಡಿ, ಒಂದೇ ಬಲ್ಬು ಹಚ್ಚಿ, ಮೊನೆಯನ್ನು ಬಲ್ಬಿನತ್ತ ತೋರಿಸಿ ಅಲಗನ್ನು ತುಸು ತುಸು ಹೊರಳಿಸುತ್ತ ನೋಡಿ. ಗಡಿಯಲ್ಲಿ ಬಿಡಿಬಿಡಿ ಕಾಳಿನಂತೆ ಮಿನುಗುವುದು ನಿಏ, ಮಂಜಿನಂತೆ ಹರಡಿದ್ದು ನಿಓಯ್. ನೀರಿನ ಬದಲು ಎಣ್ಣೆಯಲ್ಲಿ ತಣಿಸಿದ ಯುದ್ಧಕಾಲದ ಅಲಗಿನಲ್ಲಿ ನಿಏ ಕಾಣುವುದಿಲ್ಲ, ಅಲೆಗಳ ತುದಿಯಲ್ಲಿ ಕಪ್ಪು ನೆರಳು ಕೂತಿರುತ್ತದೆ. ಆಸಿಡ್ಡಿನಿಂದ ಬರೆದ ಖೋಟಾ ಗೆರೆಯಾದರೆ ಬಲ್ಬಿನ ಬೆಳಕಿಗೆ ಒಳಗೆ ಏನೂ ಇರುವುದಿಲ್ಲ, ಬರೀ ಬಣ್ಣ. ಸಾಣೆಗಾರರು ಅಂದಕ್ಕಾಗಿ ಬೆಳ್ಳಗೆ ಮಾಡಿದ ಹಾದೊರಿ ಎಂಬ ಪಟ್ಟಿಯನ್ನೇ ಹಾಮೊನ್ ಎಂದು ತಿಳಿಯುವುದು ಹೊಸಬರೆಲ್ಲರ ತಪ್ಪು. ನಿಜವಾದ ಗೆರೆ ಆ ಬಿಳುಪಿನೊಳಗೆ ಬೇರೆಯೇ ಹರಿಯುತ್ತಿರುತ್ತದೆ.

ಅಲಗಿನ ಮೈಯಲ್ಲಿ ಮರದ ನರದಂಥ ವಿನ್ಯಾಸ ಕಾಣುತ್ತದೆ, ಹಾದಾ ಎಂದು ಅದರ ಹೆಸರು. ನಮ್ಮ ನಾಡಿನ ಮೂಸೆ ಉಕ್ಕು ನಿಮಗೆ ನೆನಪಾಗಬಹುದು. ಪಾಶ್ಚಾತ್ಯರು ವೂಟ್ಜ್ ಎಂದು ಕರೆದದ್ದು ನಮ್ಮ ‘ಉಕ್ಕು’ ಶಬ್ದದಿಂದಲೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಎರಡರ ಮೈಯಲ್ಲೂ ನೀರಿನಂಥ ಚಿತ್ತಾರ ಇದೆ, ಹುಟ್ಟು ಮಾತ್ರ ಬೇರೆ. ನಮ್ಮದರಲ್ಲಿ ಮೂಸೆಯೊಳಗೆ ಕರಗಿ ನಿಧಾನ ತಣಿದ ಉಕ್ಕಿನಲ್ಲಿಯೇ ಚಿತ್ತಾರದ ಬೀಜ ಇರುತ್ತದೆ. ಇಲ್ಲಿಯದರಲ್ಲಿ ಕಾದ ಉಕ್ಕನ್ನು ಮತ್ತೆ ಮತ್ತೆ ಮಡಿಚಿ ಬಡಿದ ಪದರಗಳೇ ಚಿತ್ತಾರವಾಗುತ್ತವೆ. ತಮಾಹಗಾನೆ ಇಂದಿಗೂ ಶಿಮಾನೆ ಪ್ರಾಂತ್ಯದ ಒಕುಇಜುಮೊದಲ್ಲಿ ಕಪ್ಪು ಕಬ್ಬಿಣದ ಮರಳು, ಇದ್ದಿಲು ಹಾಕಿ ಮಾಡುತ್ತಾರೆ. ನಿಂತುಹೋಗಿದ್ದ ಆ ಕುಲುಮೆ 1977ರಲ್ಲಿ ಮತ್ತೆ ಹೊತ್ತಿತು.

ದೋಷಗಳಲ್ಲಿ ಒಂದನ್ನು ತಪ್ಪದೆ ನೋಡಿ. ಬಾಯಿಯಿಂದ ಮೇಲಕ್ಕೆ ಹಾಮೊನನ್ನು ಅಡ್ಡ ಸೀಳಿದ ಕೂದಲೆಳೆಯ ಬಿರುಕು, ಹಾಗಿರೆ. ಅದಿದ್ದರೆ ಕತ್ತಿ ಸತ್ತಂತೆ, ಸಾಣೆಗೆ ದುಡ್ಡು ಸುರಿಯಬಾರದು. ಬಾಯಿ ಚಕ್ಕೆ ಎದ್ದಿದ್ದರೆ, ಮೈಯಲ್ಲಿ ಸಣ್ಣ ಗುಳ್ಳೆ ಇದ್ದರೆ ಚಿಂತೆಯಿಲ್ಲ. ಬೆಂಕಿಗೆ ಸಿಕ್ಕ ಕತ್ತಿಯಲ್ಲಿ ಹಾಮೊನ್ ಅಳಿಸಿಹೋಗಿರುತ್ತದೆ. ಅಂಥದನ್ನು ಮತ್ತೆ ಹದ ಹಾಕಿ ಮಾರುವುದೂ ಉಂಟು. ಆಗ ಅಲಗಿನ ಬುಡದಿಂದ ಓರೆಯಾಗಿ ಏಳುವ ಮಸುಕು ನೆರಳೊಂದು ಅನುಮಾನ ಹುಟ್ಟಿಸುತ್ತದೆ.

ನೀವು ಕೇಳಿದ್ದು ‘ಹೆಸರು ಯಾವುದು’ ಎಂದು. ಅದನ್ನು ಕೊನೆಗೆ ಓದಬೇಕು. ಇಲ್ಲಿಯ ಕತ್ತಿಪ್ರಿಯರು ಸೇರುವ ಕಾಂತೆಯ್‌ಕಾಯ್ ಎಂಬ ಕೂಟದಲ್ಲಿ ಹೆಸರಿನ ಭಾಗ ಮುಚ್ಚಿ, ಸಾಮಾನ್ಯವಾಗಿ ಐದು ಅಲಗು ಇಡುತ್ತಾರೆ. ನೋಡುವವರು ಅಲಗಿಗೆ ತಲೆಬಾಗಿ, ಉಗುಳು ಸಿಡಿಯದಂತೆ ಬಾಯಿ ಮುಚ್ಚಿಕೊಂಡು, ರೇಶ್ಮೆ ಬಟ್ಟೆಯ ಮೇಲೆ ಒರಗಿಸಿ ನೋಡುತ್ತಾರೆ. ಆಕಾರದಿಂದ ಕಾಲ, ಹಾದಾದಿಂದ ಪ್ರಾಂತ್ಯ, ಹಾಮೊನ್ ಮತ್ತು ಮೊನೆಯಿಂದ ವ್ಯಕ್ತಿ, ಈ ಕ್ರಮದಲ್ಲಿ ಊಹಿಸಿ ಚೀಟಿ ಬರೆದು ಕೊಡುತ್ತಾರೆ. ಸರಿಯಾದರೆ ‘ಆತಾರಿ’. ಗುರುವಿನ ಬದಲು ಶಿಷ್ಯನ ಹೆಸರು ಬರೆದಿದ್ದರೆ ‘ದೋಜೆನ್’, ಸರಿ ಉತ್ತರಕ್ಕೆ ಸಮ ಎಂದರ್ಥ. ಪೂರ್ತಿ ತಪ್ಪಿದರೆ ‘ಇಯಾ’. ಮೂರು ಅವಕಾಶ. ಅಲಗು ಹೇಳುವುದಕ್ಕೂ ಹೆಸರು ಹೇಳುವುದಕ್ಕೂ ತಾಳೆ ಬೀಳದಿದ್ದರೆ ಹೆಸರೇ ಸುಳ್ಳು. ಅದಕ್ಕೆ ಗಿಮೆಯ್ ಎನ್ನುತ್ತಾರೆ, ಅದು ಅಪರೂಪವೂ ಅಲ್ಲ. ಎಡೊದ, ಅಂದರೆ ಹಳೆಯ ಟೋಕಿಯೊದ, ಹೆಸರಾಂತ ಕಮ್ಮಾರ ಕೊತೆತ್ಸು ಹೆಸರನ್ನು ಎಷ್ಟು ಜನ ಕೆತ್ತಿದರೆಂದರೆ, ‘ಕೊತೆತ್ಸು ಕಂಡರೆ ಖೋಟಾ ಅಂದುಕೋ’ ಎಂಬ ಮಾತೇ ಇಲ್ಲಿದೆ. ಕೆತ್ತಿದ ಗೀರಿನ ತಳದ ತುಕ್ಕು ಸುತ್ತಲಿನ ತುಕ್ಕಿಗಿಂತ ಹೊಸದಾಗಿ ಕಂಡರೆ ಅನುಮಾನಿಸಬೇಕು.

ಕಾಗದಪತ್ರ ಇದ್ದರೆ ಎಲ್ಲ ಸರಿ ಎಂದೂ ತಿಳಿಯಬೇಡಿ. ಇಲ್ಲಿ ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಡುವ ನೋಂದಣಿ ಚೀಟಿಯಲ್ಲಿ ಉದ್ದ, ಬಾಗು, ರಂಧ್ರಗಳ ಸಂಖ್ಯೆ, ಕೆತ್ತಿದ ಹೆಸರು ಇಷ್ಟೇ ಇರುತ್ತದೆ. ಹೆಸರು ಸುಳ್ಳಾದರೂ ಹಾಗೆಯೇ ಬರೆಯುತ್ತಾರೆ. ಅಸಲಿಯೇ ಎಂದು ಹೇಳುವುದು 1948ರಲ್ಲಿ ಹುಟ್ಟಿದ ಜಪಾನಿ ಕಲಾ ಖಡ್ಗ ಸಂರಕ್ಷಣಾ ಸಂಘದ ಪರೀಕ್ಷಕರ ಮಂಡಳಿ. ಅವರ ಪತ್ರಗಳಲ್ಲಿ ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೊ, ತೊಕುಬೆತ್ಸು ಜೂಯೊ ಎಂದು ನಾಲ್ಕು ಮೆಟ್ಟಿಲು.

ಅದಕ್ಕೆಂದು ಕತ್ತಿಯನ್ನು ನನಗೆ ಕೊರಿಯರ್ ಮಾಡಬೇಡಿ. ಯುದ್ಧಕಾಲದ ಕಾರ್ಖಾನೆ ಕತ್ತಿಗೆ ಇಲ್ಲಿ ನೋಂದಣಿಯೇ ಸಿಗದು, ವಾಪಸ್ಸೂ ಬಾರದು. ನೂರು ವರ್ಷ ಮೀರಿದ್ದಾದರೆ ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅದನ್ನು ದೇಶದಾಚೆ ಕಳಿಸುವ ಹಾಗಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕೇ ಎಂಬುದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಸದ್ಯಕ್ಕೆ ಹೊಲಿಗೆ ಮಷಿನ್ನಿನ ಎಣ್ಣೆ ಎರಡು ಹನಿ ಮೆತ್ತನೆ ಬಟ್ಟೆಗೆ ಹಾಕಿ, ಬೆನ್ನಿನ ಕಡೆಯಿಂದ ಹಿಡಿದು, ಬುಡದಿಂದ ಮೊನೆಗೆ ಒಂದೇ ದಿಕ್ಕಿನಲ್ಲಿ ಅಲಗಿಗೆ ಸವರಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಬೇಡ, ಜಿಡ್ಡುಗಟ್ಟುತ್ತವೆ. ನಕಾಗೊಗೆ ಎಣ್ಣೆ ಬೇಕಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ.

ಫೋಟೊ ಕಳಿಸುವಾಗ ಕಪ್ಪು ಬಟ್ಟೆಯ ಮೇಲಿಟ್ಟು ನೇರ ಮೇಲಿಂದ ಪೂರ್ತಿ ಅಲಗು, ನಕಾಗೊದ ಎರಡೂ ಬದಿ, ಮೊನೆ, ಬೆನ್ನು ತೆಗೆಯಿರಿ. ಫ್ಲಾಶ್ ಬೇಡ. ಅಕ್ಷರ ಇದ್ದರೆ ಟಾರ್ಚನ್ನು ಪಕ್ಕದಿಂದ ತಗ್ಗಾಗಿ ಹಿಡಿದರೆ ಗೀರುಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದ ಅಚ್ಚು ಸಿಕ್ಕರೆ ಇನ್ನೂ ಒಳ್ಳೆಯದು. ಅಜ್ಜನ ಡಿಸ್ಚಾರ್ಜ್ ಪುಸ್ತಕ ಕಾಕೂ ಹತ್ತಿರ ಇದ್ದರೆ ಅದರ ಪುಟಗಳೂ ಬೇಕು. ಯಾವ ಬಟಾಲಿಯನ್, 1945ರಲ್ಲಿ ಎಲ್ಲಿದ್ದರು ಎಂಬುದು ಚೀಟಿಯ ಹೆಸರಿಗೆ ತಾಳೆ ನೋಡಲು ಬೇಕಾಗುತ್ತದೆ.

ಇಂತಿ ನಿಮ್ಮ,
ಗುರು