ಬದಲಾಗಬೇಕಾದದ್ದು ಪೊಟ್ಟಣದೊಳಗಿನ ಪದಾರ್ಥ

ಮಾನ್ಯ ಸಂಪಾದಕರೇ,

ಜನರ ಆಹಾರಕ್ರಮ ಸುಧಾರಿಸಬೇಕೆಂಬ ಮಾತು ಬಂದಾಗಲೆಲ್ಲ ಸರ್ಕಾರಗಳು ಮೊದಲು ಕೈಹಾಕುವುದು ಜಾಗೃತಿ ಅಭಿಯಾನಕ್ಕೆ. ಭಿತ್ತಿಪತ್ರ, ಘೋಷವಾಕ್ಯ, ಒಂದು ಸಪ್ತಾಹ. ಅಲ್ಲಿಗೆ ಕೆಲಸ ಮುಗಿಯಿತು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. ಆದರೆ ಸಿದ್ಧ ಆಹಾರಕ್ಕೆ ಎಷ್ಟು ಉಪ್ಪು ಬೀಳಬೇಕೆಂಬುದು ತೀರ್ಮಾನವಾಗುವುದು ಕಾರ್ಖಾನೆಯಲ್ಲಿ. ಹಾಗಾಗಿ ಸರ್ಕಾರದ ನೀತಿಯು, ಆಹಾರ ತಿನ್ನುವವರ ಮನೋಬಲವನ್ನು ಪರೀಕ್ಷಿಸುವ ಬದಲು ತಯಾರಕರ ಪಾಕವಿಧಾನವನ್ನೇ ಬದಲಿಸುವಂತಿರಬೇಕು.

ಬ್ರಿಟನ್ 2018ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ತಂಪು ಪಾನೀಯ ತೆರಿಗೆಯನ್ನು ನೋಡಿ. 100 ಮಿಲಿಲೀಟರಿನಲ್ಲಿ ಸಕ್ಕರೆ 5 ಗ್ರಾಂ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಇನ್ನೂ ಹೆಚ್ಚಿನ ದರ, 5 ಗ್ರಾಂಗಿಂತ ಕೆಳಗಿದ್ದರೆ ತೆರಿಗೆಯೇ ಇಲ್ಲ. ಎರಡು ವರ್ಷ ಮುಂಚೆಯೇ ಇದನ್ನು ಘೋಷಿಸಿದ್ದರಿಂದ, ಜಾರಿಯ ದಿನ ಬರುವಷ್ಟರಲ್ಲಿ ಅನೇಕ ಕಂಪನಿಗಳು ತಮ್ಮ ಪಾನೀಯಗಳ ಸಕ್ಕರೆಯನ್ನು ಇಳಿಸಿಬಿಟ್ಟಿದ್ದವು. ಕುಡಿಯುವವರು ಯಾವ ಸಂಕಲ್ಪವನ್ನೂ ಮಾಡಬೇಕಾಗಲಿಲ್ಲ.

ತೆರಿಗೆ ಹಾಕಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಕೈಗಾರಿಕಾ ಟ್ರಾನ್ಸ್ ಕೊಬ್ಬು (ಎಣ್ಣೆಯನ್ನು ಕಾರ್ಖಾನೆಯಲ್ಲಿ ಗಟ್ಟಿಗೊಳಿಸುವಾಗ ಉಂಟಾಗುವ, ಹೃದಯಕ್ಕೆ ಹಾನಿಕರವಾದ ಕೊಬ್ಬು) ಆಹಾರದ ಒಟ್ಟು ಕೊಬ್ಬಿನ ಶೇ 2ನ್ನು ಮೀರಬಾರದೆಂದು 2003ರಲ್ಲೇ ಕಾನೂನು ಮಾಡಿ ಜಗತ್ತಿಗೆ ದಾರಿ ತೋರಿದ ಡೆನ್ಮಾರ್ಕ್, 2011ರಲ್ಲಿ ಬೆಣ್ಣೆ, ಚೀಸ್, ಮಾಂಸದಂತಹವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬಿನ ಮೇಲೆ ತೆರಿಗೆ ಹೇರಿ ಎಡವಿತು. ನಿತ್ಯ ಬಳಕೆಯ ಪದಾರ್ಥಗಳೆಲ್ಲ ಅದರ ಬಲೆಗೆ ಬಿದ್ದವು, ಗ್ರಾಹಕರು ಗಡಿಯಾಚೆ ಹೋಗಿ ಖರೀದಿಸುತ್ತಿದ್ದಾರೆಂಬ ದೂರುಗಳು ಬಂದವು, 2013ರ ಆರಂಭಕ್ಕೆ ತೆರಿಗೆಯೇ ರದ್ದಾಯಿತು.

ಇನ್ನು ಲೇಬಲ್ಲಿನ ವಿಷಯ. ಪೊಟ್ಟಣದ ಬೆನ್ನಿಗೆ ಭೂತಗನ್ನಡಿ ಬೇಡುವ ಅಕ್ಷರಗಳಲ್ಲಿ ಪೋಷಕಾಂಶಗಳ ಪಟ್ಟಿ ಇರುತ್ತದೆ. ಅದೂ ಎಷ್ಟೋ ಬಾರಿ ಯಾರೂ ಅಷ್ಟಕ್ಕೇ ನಿಲ್ಲಿಸದ ಒಂದು ಪುಟ್ಟ 'ಸರ್ವಿಂಗ್' (ಒಂದು ಸಲಕ್ಕೆ ತಿನ್ನುವ ಪ್ರಮಾಣ) ಲೆಕ್ಕದಲ್ಲಿ. ಇದನ್ನು ಮಾಹಿತಿ ಎನ್ನುವುದಕ್ಕಿಂತ ಮರೆಮಾಚುವಿಕೆ ಎನ್ನುವುದೇ ಸರಿ. ಚಿಲಿ ದೇಶ 2016ರಲ್ಲಿ ಪೊಟ್ಟಣದ ಮುಂಭಾಗದಲ್ಲೇ ಕಪ್ಪು ಅಷ್ಟಕೋನದೊಳಗೆ 'ಸಕ್ಕರೆ ಅಧಿಕ', 'ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಅಧಿಕ' ಎಂದು ಅಚ್ಚು ಹಾಕಿಸಿತು. ಆ ಗುರುತು ಬಿದ್ದ ತಿನಿಸುಗಳನ್ನು ಶಾಲೆಗಳಲ್ಲಿ ಮಾರುವಂತಿಲ್ಲ, ಅವುಗಳ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನ್ ಚಿತ್ರಗಳೂ ಇರುವಂತಿಲ್ಲ. ಓದು ಬಾರದವರೂ ಆ ಕಪ್ಪು ಗುರುತುಗಳನ್ನು ಎಣಿಸಬಲ್ಲರು.

ಸಕ್ಕರೆ, ಕೊಬ್ಬಿನ ಮೇಲಿನ ಇಂತಹ ತೆರಿಗೆಯ ಹೊರೆ ಬಡವರ ಮೇಲೆಯೇ ಹೆಚ್ಚು ಎಂಬ ಆಕ್ಷೇಪ ಸುಳ್ಳಲ್ಲ. ಬಂದ ಹಣವನ್ನು ಬೊಕ್ಕಸದಲ್ಲಿ ಕರಗಲು ಬಿಡದೆ ಹಣ್ಣು, ತರಕಾರಿಯ ಸಹಾಯಧನಕ್ಕೂ ಶಾಲಾ ಊಟಕ್ಕೂ ಮೀಸಲಿಟ್ಟರೆ ಆ ಆಕ್ಷೇಪದ ಬಲ ಕುಗ್ಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಸಕ್ಕರೆ ಇಳಿಸಿದ ತಯಾರಕರು ಅದರ ಜಾಗದಲ್ಲಿ ಕೃತಕ ಸಿಹಿಕಾರಕಗಳನ್ನು ತುಂಬುತ್ತಾರೆ. ತೂಕ ನಿಯಂತ್ರಣಕ್ಕಾಗಿ ಅವುಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಮೆಕ್ಸಿಕೊ 2020ರಿಂದ ಅಂತಹ ಉತ್ಪನ್ನಗಳ ಮೇಲೆ 'ಸಿಹಿಕಾರಕವಿದೆ, ಮಕ್ಕಳಿಗೆ ಸೂಕ್ತವಲ್ಲ' ಎಂದು ಮುದ್ರಿಸುವುದನ್ನು ಕಡ್ಡಾಯ ಮಾಡಿದೆ. ಸಕ್ಕರೆ ತೆರಿಗೆ ತರಲು ಹೊರಟ ಯಾವುದೇ ಸರ್ಕಾರ ಈ ಒಂದು ಸಾಲನ್ನೂ ಅದೇ ಕಾಯ್ದೆಯಲ್ಲಿ ಸೇರಿಸಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ