ಎಲೆ ಕಾಲದ ಸಾಲ

ಮೊನ್ನೆ ಮಂಗಳವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಪಾಸಾದೆ. ಸಣ್ಣಪುಟ್ಟ ತಿದ್ದುಪಡಿ ಹೇಳಿದ್ದಾರೆ, ಅದಕ್ಕೆ ಒಂದು ತಿಂಗಳು ಟೈಮಿದೆ. ಥೀಸಿಸ್ಸಿನಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇಟ್ಟಿದ್ದೆ. ಗೈಡು, ಕಮಿಟಿ, ದುಡ್ಡು ಕೊಟ್ಟವರು, ಇಷ್ಟಕ್ಕೇ ಅದು ತುಂಬಿಹೋಯಿತು. ಬೇರೆಯವರ ಸಾಲವೇ ಜಾಸ್ತಿ ಇದೆ. ಅದನ್ನು ಇಲ್ಲಿ ಬರೆದುಬಿಡುತ್ತೇನೆ.

ನಾನು ಓದಿದ್ದು ಉದುರಿದ ಎಲೆಗಳ ಬಗ್ಗೆ. ಎಲೆ ನೆಲಕ್ಕೆ ಬಿದ್ದ ಮೇಲೆ ಕೊಳೆತು ಮಣ್ಣಾಗಲು ಎಷ್ಟು ದಿನ ಬೇಕು, ಅದನ್ನು ಯಾರು ಯಾರು ತಿನ್ನುತ್ತಾರೆ, ಇಷ್ಟೇ. "ಕಸದ ಮೇಲೆ ಡಾಕ್ಟರೇಟಾ?" ಅಂತ ನೆಂಟರೊಬ್ಬರು ನಕ್ಕಿದ್ದರು. ನಗಲಿ ಬಿಡಿ. ಆದರೆ ಈ ಕಸಕ್ಕೂ ಒಂದು ಕಾಲ ಅಂತ ಇದೆ. ಸೆಪ್ಟೆಂಬರ್ 22 ಅಥವಾ 23ರ ಹೊತ್ತಿಗೆ ಹಗಲು ರಾತ್ರಿ ಸಮ ಆಗುತ್ತವೆ. ಅಲ್ಲಿಂದ ಮುಂದೆ ನಾವಿರುವ ಈ ಉತ್ತರದ ಚಳಿ ದೇಶದಲ್ಲಿ ಬೆಳಕು ದಿನಾ ಎರಡು ಮೂರು ನಿಮಿಷ ಕಮ್ಮಿಯಾಗುತ್ತಾ ಹೋಗುತ್ತದೆ. ಎಲೆಯ ಬಣ್ಣ ತಿರುಗುತ್ತದೆ, ಉದುರುತ್ತದೆ. ಆ ಕೆಲವೇ ವಾರಗಳಲ್ಲಿ ಎಲೆ ಹಿಡಿದುಕೊಳ್ಳದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಶರದೃತು ಬೇರೆಯವರಿಗೆ ಫೋಟೋ ತೆಗೆಯುವ ಸಮಯ, ನಮಗೆ ಸುಗ್ಗಿ. ಮಗಳು ಅದನ್ನು 'ಎಲೆ ಕಾಲ' ಅನ್ನುತ್ತಾಳೆ.

ಅಂಥ ಐದು ಎಲೆ ಕಾಲ ಕಳೆದವು. ಮೊದಲನೆಯದು ಬಂದಾಗ ಅವಳಿಗೆ ಏಳು ತಿಂಗಳು.

ಮೊದಲ ಸಾಲ ನನ್ನ ಗಂಡನದು. ಅವರು ಕೆಲಸದಿಂದ ಬಂದ ತಕ್ಷಣ ನಾನು ಲ್ಯಾಬಿಗೆ ಹೊರಡುತ್ತಿದ್ದೆ. ಬಾಗಿಲಲ್ಲೇ ಮಗು ಕೈ ಬದಲಾಯಿಸುತ್ತಿತ್ತು. "ಹಾಲು ಕುಡಿದಿದ್ದಾಳೆ, ಎಡಗಿವಿ ಎಳೆದುಕೊಳ್ಳುತ್ತಿದ್ದಾಳೆ, ಸ್ವಲ್ಪ ನೋಡಿ." ಎಷ್ಟೋ ದಿನ ಗಂಡ ಹೆಂಡತಿ ಆಡಿದ್ದು ಇಷ್ಟೇ ಮಾತು.

ಆಮೇಲೆ ಚೀಲಗಳ ಕಥೆ. ಎಲೆ ಎಷ್ಟು ಕೊಳೆಯಿತು ಅಂತ ತಿಳಿಯಬೇಕಾದರೆ ಒಣಗಿಸಿದ ಎಲೆಯನ್ನು ತೂಗಿ, ನೈಲಾನ್ ಬಲೆಯ ಚೀಲದಲ್ಲಿ ಹಾಕಿ, ನೆಲದ ಮೇಲೆ ಬಿಟ್ಟು ಬರಬೇಕು. ತಿಂಗಳುಗಳಾದ ಮೇಲೆ ತೆಗೆದು, ಮತ್ತೆ ಒಣಗಿಸಿ, ಮತ್ತೆ ತೂಗಬೇಕು. ಬಲೆಯ ಕಣ್ಣು ಸಣ್ಣದಾದರೆ ಒಳಗೆ ಹೋಗುವುದು ಶಿಲೀಂಧ್ರ, ಬ್ಯಾಕ್ಟೀರಿಯಾ ಮತ್ತು ತೀರಾ ಪುಟ್ಟ ಹುಳಗಳು ಮಾತ್ರ. ಕಣ್ಣು ದೊಡ್ಡದಾದರೆ ಎರೆಹುಳುವೂ ನುಗ್ಗುತ್ತದೆ. ನನಗೆ ಎರಡೂ ಬೇಕಿತ್ತು. ಎರಡು ಜಾತಿ ಎಲೆ, ಎರಡು ಥರದ ಬಲೆ, ಆರು ಸಲ ತೆಗೆಯುವುದು, ಪ್ರತಿ ಸಲಕ್ಕೂ ಹತ್ತು ಹತ್ತು. ಒಟ್ಟು 240 ಚೀಲ. ಅಂಗಿಯ ಗುಂಡಿ ಹೊಲಿಯಲೂ ಬಾರದ ಮನುಷ್ಯ, ಮಗು ಮಲಗಿದ ಮೇಲೆ ಅಡುಗೆಮನೆ ನೆಲದಲ್ಲಿ ಕೂತು ಅಷ್ಟನ್ನೂ ಹೊಲಿದರು. ಮೊದಲ ಇಪ್ಪತ್ತು ಸೊಟ್ಟಗಿದ್ದವು. ಕೊನೆಯವು ನನ್ನ ಹೊಲಿಗೆಗಿಂತ ಚೆನ್ನಾಗಿದ್ದವು, ಒಪ್ಪಿಕೊಳ್ಳುತ್ತೇನೆ.

ಎರಡನೆಯ ಸಾಲ ನಮ್ಮ ಲ್ಯಾಬಿನ ಟೆಕ್ನಿಶಿಯನ್ ಒಬ್ಬರದು. ಆ 240ಕ್ಕೂ ಹಿಂದಿನ ವರ್ಷ, ಮೊದಲ ಪ್ರಯತ್ನದಲ್ಲಿ, ನಾನು ಚೀಲಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಂಬರು ಬರೆದಿದ್ದೆ. ನಾಲ್ಕು ತಿಂಗಳ ಮಳೆಯಲ್ಲಿ ಅಳಿಸಿಹೋಯಿತು. ನಲವತ್ತು ಚೀಲ, ಒಂದಕ್ಕೂ ಹೆಸರಿಲ್ಲ. ಒಂದು ಇಡೀ ಎಲೆ ಕಾಲ ಕಸದ ಬುಟ್ಟಿಗೆ ಹೋಯಿತು. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಅವರು ಬಂದು ಸಮಾಧಾನದ ಮಾತೇನೂ ಆಡಲಿಲ್ಲ. ಒಂದು ಅಲ್ಯೂಮಿನಿಯಂ ತಗಡಿನ ತುಂಡು ಕೊಟ್ಟು, "ಇದರ ಮೇಲೆ ಬಾಲ್ ಪೆನ್ನಿನಲ್ಲಿ ಒತ್ತಿ ಬರಿ, ಚೀಲದ ಒಳಗೆ ಹಾಕು. ಇಂಕು ಹೋದರೂ ಗೀಟು ಉಳಿಯುತ್ತದೆ" ಅಂದರು. ಅಷ್ಟೇ. ಆಮೇಲೆ ಒಂದು ನಂಬರೂ ಕಳೆದುಹೋಗಲಿಲ್ಲ. ರಾತ್ರಿ ಒಲೆಯಿಂದ ಎಲೆ ತೆಗೆಯುವ ಪಾಳಿಯನ್ನೂ ಅವರೇ ಎಷ್ಟೋ ಸಲ ವಹಿಸಿಕೊಂಡರು. 60 ಡಿಗ್ರಿಯಲ್ಲಿ 48 ಗಂಟೆ ಒಣಗಿಸಬೇಕು. ಆ 48 ಗಂಟೆ ಯಾವಾಗಲೂ ಮಗುವಿಗೆ ಊಟ ಮಾಡಿಸುವ ಹೊತ್ತಿಗೇ ಸರಿಯಾಗಿ ಮುಗಿಯುತ್ತಿತ್ತು, ಯಾಕೋ ಗೊತ್ತಿಲ್ಲ.

ಗೈಡಿಗೆ ಥೀಸಿಸ್ಸಿನಲ್ಲಿ ಥ್ಯಾಂಕ್ಸ್ ಹೇಳಿಯಾಗಿದೆ. ಅಲ್ಲಿ ಬರೆಯದ ಒಂದು ವಿಷಯ ಇದೆ. ಸಂಜೆ ಐದಕ್ಕಿದ್ದ ವಾರದ ಮೀಟಿಂಗನ್ನು ಅವರು ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ತಂದರು. ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಡೇಕೇರ್ ಮುಚ್ಚುವುದು ಐದೂವರೆಗೆ.

ಡೇಕೇರ್ ಅಂದ ಮೇಲೆ ನೆಗಡಿ ಇದ್ದದ್ದೇ. ಸಣ್ಣ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರುವುದು ಮಾಮೂಲು ಅಂತ ಡಾಕ್ಟರು ಆರಾಮಾಗಿ ಹೇಳುತ್ತಾರೆ. ಶಾಲೆಗಳು ತೆರೆದ ಕೆಲವೇ ವಾರಕ್ಕೆ ಅದು ಏರುತ್ತದೆ, ಅಂದರೆ ಎಲೆ ಬಣ್ಣ ತಿರುಗುವ ಹೊತ್ತಿಗೇ. ಮೂರನೆಯ ವರ್ಷ ಚೀಲ ತೆಗೆಯಬೇಕಾದ ದಿನ ಬೆಳಗ್ಗೆ ಮಗಳ ಮೈ ಕೆಂಡದಂತಿತ್ತು. ಇವರು ಬೇರೆ ಊರಿನಲ್ಲಿದ್ದರು. ತಾರೀಕು ಮುಂದೆ ಹಾಕುವ ಹಾಗಿರಲಿಲ್ಲ. ಪಕ್ಕದ ಮನೆಯ ಅಜ್ಜಿಯ ಬಾಗಿಲು ತಟ್ಟಿದೆ. ಅದಕ್ಕೂ ಮುಂಚೆ ಅವರ ಜೊತೆ ನಾನು ಕಸದ ಡಬ್ಬಿ ಯಾವ ದಿನ ಹೊರಗಿಡಬೇಕು ಅನ್ನುವುದು ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಅವರು ಚಪ್ಪಲಿ ಹಾಕಿಕೊಳ್ಳುತ್ತಲೇ, "ಯಾವ ಔಷಧಿ, ಎಷ್ಟು ಹೊತ್ತಿಗೆ, ಬರೆದಿಟ್ಟು ಹೋಗು" ಅಂದರು. ಸಂಜೆ ಬಂದಾಗ ಮಗಳು ಅವರ ತೊಡೆಯ ಮೇಲೆ ಮಲಗಿದ್ದಳು. ನನ್ನ ಚೀಟಿಯ ಕೆಳಗೆ ಅವರು ಗಂಟೆಗೊಂದು ಸಲ ಜ್ವರ ಎಷ್ಟು ಅಂತ ಸಾಲಾಗಿ ಬರೆದಿದ್ದರು. ನನ್ನ ಫೀಲ್ಡ್ ಪುಸ್ತಕಕ್ಕಿಂತ ಅಚ್ಚುಕಟ್ಟಾದ ಡೇಟಾ. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಮಗಳಿಗೂ ಒಂದು ಪಾಲು. ನಾಲ್ಕನೆಯ ವರ್ಷ ಅವಳು ನನಗೂ ಕೆಲಸ ಕೊಡು ಅಂತ ಹಟ ಹಿಡಿದಳು. ಚಹಾ ಚೀಲ ಹೂಳುವ ಪ್ರಯೋಗ ಒಂದಿದೆ, 2013ರಲ್ಲಿ ಪ್ರಕಟವಾದದ್ದು. ಗ್ರೀನ್ ಟೀ ಮತ್ತು ರೂಯ್‌ಬೋಸ್ (ದಕ್ಷಿಣ ಆಫ್ರಿಕಾದ ಒಂದು ಗಿಡದ ಕೆಂಪು ಚಹಾ) ಚೀಲಗಳನ್ನು ತೂಗಿ, 8 ಸೆಂಟಿಮೀಟರ್ ಆಳಕ್ಕೆ ಹೂತು, ಸುಮಾರು 90 ದಿನ ಬಿಟ್ಟು ತೆಗೆದು ಮತ್ತೆ ತೂಗುವುದು. ಮೊದಲನೆಯದು ಬೇಗ ಕೊಳೆಯುತ್ತದೆ, ಎರಡನೆಯದು ನಿಧಾನ. ಗುಂಡಿ ತೋಡಿದವಳು ಅವಳೇ. ದಿನಾ ಸಂಜೆ ಹೋಗಿ ನೆಲಕ್ಕೆ ಕಿವಿಯಿಟ್ಟು ಕೇಳುತ್ತಿದ್ದಳು, ಮಣ್ಣು ಚಹಾ ಕುಡಿಯುವ ಸದ್ದು ಬರುತ್ತದಾ ಅಂತ. ನಾನು ಆ ತಿಂಗಳು ಓದು ಬಿಟ್ಟುಬಿಡುವ ಯೋಚನೆಯಲ್ಲಿದ್ದೆ. ಎರಡನೆಯ ಪೇಪರು ತಿರಸ್ಕಾರವಾಗಿತ್ತು, ಸ್ಟೈಪೆಂಡ್ ತಡವಾಗಿತ್ತು. ಅವಳ ಚೀಲ ತೆಗೆಯುವ ತನಕ ಇರೋಣ ಅಂದುಕೊಂಡೆ. ಅಷ್ಟರಲ್ಲಿ ಪೇಪರಿನ ರಿಪೇರಿಯೂ ಮುಗಿದಿತ್ತು.

ಮತ್ತೆ ನನ್ನ ಗಂಡನ ವಿಷಯಕ್ಕೇ ಬರಬೇಕು. 1963ರಲ್ಲಿ ಜೆರ್ರಿ ಓಲ್ಸನ್ ಅನ್ನುವ ಪರಿಸರ ವಿಜ್ಞಾನಿ ಬಳಸಿದ ಸರಳ ಸೂತ್ರವೊಂದಿದೆ, ಎಲೆ ಕೊಳೆಯುವುದನ್ನು ನಾವು ಇವತ್ತಿಗೂ ಅದರಲ್ಲೇ ಲೆಕ್ಕ ಹಾಕುತ್ತೇವೆ. ಮೊದಮೊದಲು ತೂಕ ಬೇಗ ಇಳಿಯುತ್ತದೆ, ಬರಬರುತ್ತಾ ನಿಧಾನ. "ನಿನ್ನ ಥೀಸಿಸ್ಸೂ ಹಾಗೇ ನಡೀತಿದೆ" ಅನ್ನುತ್ತಿದ್ದರು. ಚೀಲದಲ್ಲಿ ಉಳಿದದ್ದನ್ನು ತೂಗಿ, ಹೋದದ್ದೆಷ್ಟು ಅಂತ ಹೇಳುವುದೇ ನನ್ನ ಕಸುಬು. ಆದರೆ ನಮ್ಮ ಮನೆಯಲ್ಲೇ ಹೋದದ್ದು ನನಗೆ ಕಾಣಲಿಲ್ಲ. ಎರಡು ವರ್ಷದ ಹಿಂದೆ ಅವರಿಗೆ ಬಡ್ತಿ ಬಂದಿತ್ತು. ಬೇರೆ ಊರಿಗೆ ಹೋಗಬೇಕಿತ್ತು. ಬೇಡ ಅಂದಿದ್ದರು. ಅದು ನನಗೆ ಗೊತ್ತಾಗಿದ್ದು ಎಂಟು ತಿಂಗಳಾದ ಮೇಲೆ, ಅದೂ ಬೇರೆಯವರ ಬಾಯಿಂದ. ಕೃತಜ್ಞತೆಗಿಂತ ಮೊದಲು ಸಿಟ್ಟು ಬಂತು. ಕೇಳಬೇಕಿತ್ತು ಅಲ್ವಾ ನನ್ನನ್ನು? ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಥ್ಯಾಂಕ್ಸ್ ಜೊತೆ ಅದನ್ನೂ ಇಲ್ಲೇ ಬರೆದಿಡುತ್ತೇನೆ. ಓದಲಿ.

ಇನ್ನೂ ಹಲವರಿದ್ದಾರೆ. ವೈವಾದ ಹಿಂದಿನ ರಾತ್ರಿ ನನ್ನ ಸ್ಲೈಡುಗಳನ್ನು ಮೂರು ಸಲ ಕೇಳಿಸಿಕೊಂಡ ಗೆಳತಿ. ಮಗುವನ್ನು ಕಟ್ಟಿಕೊಂಡು ಬಂದಾಗ ಮುಖ ಸಿಂಡರಿಸದೆ ಮೂಲೆಯ ಮೇಜು ಬಿಟ್ಟುಕೊಟ್ಟ ಲೈಬ್ರರಿಯವರು. ದಿನಾ ಫೋನಿನಲ್ಲಿ "ಓದು ಎಲ್ಲಿಗೆ ಬಂತು" ಅಂತ ಒಂದೇ ಒಂದು ಸಲವೂ ಕೇಳದ ಅಮ್ಮ. ಆ ಕೇಳದಿರುವುದು ಎಷ್ಟು ದೊಡ್ಡ ಉಪಕಾರ ಅಂತ ಓದಿದವರಿಗೇ ಗೊತ್ತು.

ಲೆಕ್ಕಕ್ಕೆ ಸೇರದ ಹತ್ತು ಚೀಲ ಇನ್ನೂ ನೆಲದಲ್ಲೇ ಇವೆ. ಸುಮ್ನೆ ಜಾಸ್ತಿ ಹೊಲಿದಿಟ್ಟದ್ದು. ಈ ಶನಿವಾರ ಮೂವರೂ ಹೋಗಿ ತೆಗೆಯಬೇಕು ಅಂತಿದ್ದೇವೆ. ಮಗಳ ಮಳೆಬೂಟು ಬಿಗಿಯಾಗಿದೆ. ಪಕ್ಕದ ಮನೆಯ ಅಜ್ಜಿ ತಮ್ಮ ಮೊಮ್ಮಗನದು ಒಂದು ಜೊತೆ ತೆಗೆದಿಟ್ಟಿದ್ದಾರಂತೆ. ನಾಳೆ ಹೋಗಿ ತರಬೇಕು.